ಕುದುರೆಯಿಂದ ಇಳಿದು ಕಾದಿದವರು

ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಪಡೆಗೆ ದಕ್ಕಿದ ವಿಕ್ಟೋರಿಯಾ ಕ್ರಾಸ್, ಅಂದರೆ ಬ್ರಿಟಿಷ್ ಸಾಮ್ರಾಜ್ಯದ ಅತ್ಯುನ್ನತ ಶೌರ್ಯಪದಕ, ಒಂದೇ ಒಂದು. ಪಡೆದವನು ಪಶ್ಚಿಮ ಆಸ್ಟ್ರೇಲಿಯಾದ ರೈತ ಹ್ಯೂಗೊ ಥ್ರೊಸೆಲ್, 10ನೇ ಲೈಟ್ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್. ಆ ಪದಕ ತಂದುಕೊಟ್ಟ ಕಾದಾಟ ನಡೆದದ್ದು ತುರ್ಕಿಯ ಗಲಿಪೊಲಿ ಪರ್ಯಾಯದ್ವೀಪದ ಒಂದು ಕಂದಕದೊಳಗೆ, ಕತ್ತಲಲ್ಲಿ, ಕೈಬಾಂಬುಗಳ ನಡುವೆ. ರೆಜಿಮೆಂಟಿನ ಕುದುರೆಗಳೆಲ್ಲ ಆಗ ಸಮುದ್ರದಾಚೆ ಈಜಿಪ್ಟಿನ ಶಿಬಿರದಲ್ಲಿ ಮೇವು ತಿನ್ನುತ್ತಿದ್ದವು. ಲೈಟ್ ಹಾರ್ಸ್ ಎಂದೊಡನೆ ಎಲ್ಲರ ಕಣ್ಣಿಗೂ ಬರುವುದು ಪ್ಯಾಲೆಸ್ಟೀನಿನ ಬೀರ್‌ಶೆಬಾದ ಬಯಲಿನಲ್ಲಿ ಧೂಳೆಬ್ಬಿಸುತ್ತ ನುಗ್ಗುವ ರಾವುತರ ಚಿತ್ರ. ಆ ಚಿತ್ರ ಸುಳ್ಳಲ್ಲ. ಆದರೆ ನಾಲ್ಕು ವರ್ಷದ ಯುದ್ಧದಲ್ಲಿ ಅದು ಒಂದು ಸಂಜೆಯ ಮಾತು. ಉಳಿದ ದಿನಗಳಲ್ಲಿ ಈ ಸೈನಿಕ ಮಾಡಿದ್ದು ಎರಡೇ ಕೆಲಸ: ಕುದುರೆಯನ್ನು ಬದುಕಿಸಿಕೊಳ್ಳುವುದು, ಗುಂಡು ಹಾರಿಸುವ ಹೊತ್ತು ಬಂದಾಗ ಅದರಿಂದ ಕೆಳಗಿಳಿಯುವುದು.

ಇಳಿಯುವುದೇ ಆ ಪಡೆಯ ಕ್ರಮವಾಗಿತ್ತು. ಲೈಟ್ ಹಾರ್ಸ್ ಹಳೆಯ ಅರ್ಥದ ಅಶ್ವದಳವಲ್ಲ. ಈಟಿಯಿಲ್ಲ, ಯುದ್ಧದ ಕೊನೆಯ ವರ್ಷದವರೆಗೆ ಖಡ್ಗವೂ ಇಲ್ಲ. ಪದಾತಿಗಳ ಹಾಗೆಯೇ .303 ಲೀ-ಎನ್‌ಫೀಲ್ಡ್ ರೈಫಲ್ಲು, ಬಯೊನೆಟ್ಟು. ಕುದುರೆ ಇದ್ದದ್ದು ಬೇಗ ಮುಟ್ಟುವುದಕ್ಕೆ, ಬೇಗ ಹಿಂದೆಗೆಯುವುದಕ್ಕೆ. ಒಂದು ರೆಜಿಮೆಂಟಿನಲ್ಲಿ ಮೂರು ಸ್ಕ್ವಾಡ್ರನ್, ಸ್ಕ್ವಾಡ್ರನ್ನಿಗೆ ನಾಲ್ಕು ಟ್ರೂಪ್, ಟ್ರೂಪಿನೊಳಗೆ ನಾಲ್ಕು ನಾಲ್ಕು ಜನರ ಸೆಕ್ಷನ್ನುಗಳು. ಈ ನಾಲ್ವರೇ ಪಡೆಯ ನಿಜವಾದ ಜೀವಕಣ. ಒಟ್ಟಿಗೆ ಸವಾರಿ, ಒಟ್ಟಿಗೆ ಅಡುಗೆ, ಒಟ್ಟಿಗೆ ನಿದ್ದೆ. ಶತ್ರು ಎದುರಾದಾಗ ಮೂವರು ಇಳಿದು ಮುಂದೆ ಹೋಗುತ್ತಾರೆ, ನಾಲ್ಕನೆಯವನು ನಾಲ್ಕೂ ಕುದುರೆಗಳ ಲಗಾಮು ಹಿಡಿದು ಹಿಂದಿನ ದಿಣ್ಣೆಯ ಮರೆಗೆ ಕರೆದೊಯ್ಯುತ್ತಾನೆ. ಅಲ್ಲಿಗೆ ಪಡೆಯ ಕಾಲುಭಾಗ ಬಂದೂಕು ಹಿಡಿಯದೆಯೇ ಲೆಕ್ಕದಿಂದ ಹೊರಗಾಯಿತು. ಮೂರು ರೆಜಿಮೆಂಟಿನ ಇಡೀ ಬ್ರಿಗೇಡು ಕೆಳಗಿಳಿದು ಸಾಲು ನಿಂತರೆ ಒಂದು ಪದಾತಿ ಬೆಟಾಲಿಯನ್ನಿನಷ್ಟು ರೈಫಲ್ಲುಗಳೂ ಕಷ್ಟದಿಂದ ಕೂಡಿಬರುತ್ತಿದ್ದವು. ಕಾಗದದ ಮೇಲೆ ಬ್ರಿಗೇಡ್, ನೆಲದ ಮೇಲೆ ಬೆಟಾಲಿಯನ್. ಈ ವ್ಯತ್ಯಾಸವನ್ನು ಮರೆತ ಸೇನಾನಿಗಳು ಗಲಿಪೊಲಿಯಲ್ಲೂ ಗಾಜಾದಲ್ಲೂ ಇವರಿಂದ ಆಗದ ಕೆಲಸ ಕೇಳಿದರು.

ಕುದುರೆ ಹಿಡಿಯುವವನ ಕೆಲಸ ಸುಲಭದ್ದು ಎಂದು ಯಾರಾದರೂ ಅಂದುಕೊಂಡರೆ, ಶೆಲ್ ಸಿಡಿದಾಗ ಬೆದರಿದ ನಾಲ್ಕು ಕುದುರೆಗಳ ನಡುವೆ ನಿಂತವನ ಎರಡು ಕೈಗಳನ್ನು ನೆನೆದರೆ ಸಾಕು. ವಿಮಾನಗಳು ಬಂದ ಮೇಲಂತೂ ಗುಂಪಾಗಿ ನಿಂತ ಕುದುರೆಗಳೇ ಮೊದಲ ಗುರಿ. ಅವನ ಕೈ ಸಡಿಲಿದರೆ ಮುಂದೆ ಹೋದ ಮೂವರಿಗೆ ಹಿಂದಿರುಗುವ ದಾರಿಯಿಲ್ಲ.

1914ರ ಆಗಸ್ಟಿನಲ್ಲಿ ಭರ್ತಿ ಶುರುವಾದಾಗ ಬಂದವರಲ್ಲಿ ಬಹಳ ಮಂದಿ ಹಳ್ಳಿಗಾಡಿನವರು; ಕುರಿ ದನ ಮೇಯಿಸಿದವರು, ಬೇಲಿ ಕಾದವರು, ಗೋಧಿ ಬೆಳೆದವರು. ತೆಗೆದುಕೊಳ್ಳುವ ಮುಂಚೆ ಸವಾರಿ ಪರೀಕ್ಷೆ ಇತ್ತು. ಒಂದು ಶಿಬಿರದಲ್ಲಿ ಗುರುತಿಲ್ಲದ ಸೈನ್ಯದ ಕುದುರೆಯನ್ನು ಕೊಟ್ಟು, ನೀರಿನ ಹೊಂಡವನ್ನೂ ಹುಲ್ಲುಹೆಂಟೆಯ ಗೋಡೆಯನ್ನೂ ಹಾರಿಸಿ ತೋರಿಸು ಎನ್ನುತ್ತಿದ್ದರು. ಸ್ವಂತ ಕುದುರೆ ತಂದವರೂ ಇದ್ದರು. ತಕ್ಕದ್ದು ಎನಿಸಿದರೆ ಸರ್ಕಾರ ಸುಮಾರು 30 ಪೌಂಡ್ ಕೊಟ್ಟು ಅದನ್ನು ಕೊಂಡು, ಬಾಣದ ಗುರುತಿನ ಮುದ್ರೆ ಒತ್ತಿ, ಗೊರಸಿನ ಮೇಲೆ ಸಂಖ್ಯೆ ಕೊರೆಯುತ್ತಿತ್ತು. ಅಲ್ಲಿಂದಾಚೆ ತಾನು ಸಾಕಿದ ಕುದುರೆಯ ಮೇಲೆ ತಾನೇ ಕೂತಿದ್ದರೂ ಅದು ತನ್ನದಲ್ಲ. ನಾಲ್ಕು ವರ್ಷದ ನಂತರ ಆ ಮುದ್ರೆಯ ಅರ್ಥ ಎಲ್ಲರಿಗೂ ಕಹಿಯಾಗಿ ತಿಳಿಯಿತು.

ಥ್ರೊಸೆಲ್ ಹುಟ್ಟಿದ್ದು 1884ರಲ್ಲಿ, ನಾರ್ಥಮ್ ಎಂಬ ಊರಿನಲ್ಲಿ. ತಂದೆ ಜಾರ್ಜ್ ಥ್ರೊಸೆಲ್ 1901ರಲ್ಲಿ ಕೆಲಕಾಲ ಪಶ್ಚಿಮ ಆಸ್ಟ್ರೇಲಿಯಾದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆಗಿದ್ದವನು. ಹ್ಯೂಗೊ ಮತ್ತು ಅಣ್ಣ ರಿಕ್ ಕೂಡಿ ಗೋಧಿ ಸೀಮೆಯ ಕೌಕೌಯಿಂಗ್‌ನಲ್ಲಿ ಬೇಸಾಯ ಹೂಡಿದರು. ಬರ ಬಂದು ಅದನ್ನು ನೆಲಕಚ್ಚಿಸಿತು. ಯುದ್ಧ ಶುರುವಾದಾಗ ಇಬ್ಬರೂ 10ನೇ ರೆಜಿಮೆಂಟಿಗೆ ಸೇರಿದರು. ದೇಶಭಕ್ತಿ, ಸಾಹಸದ ಆಸೆ ಎಲ್ಲ ಸರಿ. ಆದರೆ ಎಷ್ಟೋ ರೈತರ ಭರ್ತಿಯ ಹಿಂದೆ ಹೀಗೊಂದು ಒಣಗಿದ ಹೊಲವೂ ಇತ್ತೆನ್ನುವುದನ್ನು ಲೆಕ್ಕಕ್ಕೆ ಹಿಡಿಯದೆ ಇರಲಾಗದು.

ಕುದುರೆಗಳು ವೇಲರ್ ತಳಿಯವು. ನ್ಯೂ ಸೌತ್ ವೇಲ್ಸ್ ಪ್ರಾಂತ್ಯದಿಂದ ಬಂದ ಹೆಸರು. ಈ ಹೆಸರು ಚಲಾವಣೆಗೆ ಬಂದದ್ದೂ ಭಾರತದ ಸೈನ್ಯದಿಂದಲೇ. 1830ರ ದಶಕದಿಂದಲೇ ಈ ಕುದುರೆಗಳು ಹಡಗೇರಿ ಇಲ್ಲಿಗೆ ಬರುತ್ತಿದ್ದವು. ಭುಜದ ಬಳಿ ಸುಮಾರು 150 ಸೆಂಟಿಮೀಟರ್ ಎತ್ತರ, ಗಟ್ಟಿ ಕಾಲು, ಆಳವಾದ ಎದೆ, ಸಿಕ್ಕಿದ್ದನ್ನು ತಿಂದು ಮೈ ಉಳಿಸಿಕೊಳ್ಳುವ ಗುಣ. ಸೊಬಗಿನ ಕುದುರೆಯಲ್ಲ. ಸವಾರ, ಜೀನು, ಸರಂಜಾಮು, ಆಹಾರ, ನೀರು ಎಲ್ಲ ಸೇರಿ ಹತ್ತಿರ ಹತ್ತಿರ 130 ಕಿಲೊ ಭಾರ ಹೊತ್ತು, ನೀರಿಲ್ಲದೆ 60 ಗಂಟೆಯವರೆಗೆ ನಡೆದ ಉದಾಹರಣೆಗಳಿವೆ.

ಆ ಭಾರದಲ್ಲಿ ಏನೇನಿತ್ತು? ಸವಾರನ ಎದೆಗೆ ಅಡ್ಡಲಾಗಿ ಚರ್ಮದ ಪಟ್ಟಿ, ಅದರಲ್ಲಿ 90 ಗುಂಡು. ಕುದುರೆಯ ಕೊರಳಿಗೆ ಇನ್ನೊಂದು ಗುಂಡಿನ ಪಟ್ಟಿ. ಜೀನಿನ ಮುಂದೆ ಸುತ್ತಿ ಕಟ್ಟಿದ ದೊಡ್ಡ ಕೋಟು, ಮಳೆಹಾಸು. ಪಕ್ಕಕ್ಕೆ ಕ್ಯಾನ್ವಾಸ್ ಬಕೆಟ್ಟು, ಒಂದು ದಿನದ ಕಾಳು ತುಂಬಿದ ಮೇವಿನ ಚೀಲ, ಚಹಾ ಕಾಯಿಸುವ ತಗಡಿನ ಪಾತ್ರೆ. ಚರ್ಮದ ಸಣ್ಣ ಚೀಲದಲ್ಲಿ ಎರಡು ಲಾಳ, ಮುಂಗಾಲಿಗೊಂದು ಹಿಂಗಾಲಿಗೊಂದು, ಜೊತೆಗೆ ಮೊಳೆಗಳು. ಮರುಭೂಮಿಯ ನಡುವೆ ಲಾಳ ಕಳಚಿದ ಕುದುರೆ ಸವಾರನಿಲ್ಲದ ಕುದುರೆಗಿಂತ ಕಡೆ. ಟೊಪ್ಪಿಗೆಗೆ ಎಮು ಹಕ್ಕಿಯ ಗರಿ ಸಿಕ್ಕಿಸುವ ಷೋಕಿ 1891ರಲ್ಲಿ ಕ್ವೀನ್ಸ್‌ಲ್ಯಾಂಡಿನ ಉಣ್ಣೆ ಕತ್ತರಿಸುವವರ ಮುಷ್ಕರದ ಕಾಲದಲ್ಲಿ ಅಲ್ಲಿನ ಸವಾರರಿಂದ ಹುಟ್ಟಿದ್ದು. ಕೇಳಿದ ಪರದೇಶಿಗಳಿಗೆ ಅದು ಕಾಂಗರೂ ಗರಿ ಎಂದು ಹೇಳಿ ನಗುತ್ತಿದ್ದರು.

ಮೊದಲ ಹಡಗುಗಳ ಸಾಲು 1914ರ ನವೆಂಬರ್ 1ರಂದು ಆಲ್ಬನಿಯಿಂದ ಹೊರಟಿತು. ಹಡಗಿನಲ್ಲಿ ಕುದುರೆ ವಾರಗಟ್ಟಲೆ ನಿಂತೇ ಇರಬೇಕು. ಇಕ್ಕಟ್ಟಿನ ಅಂಕಣದಲ್ಲಿ ಮಲಗಿದರೆ ಏಳಲಾಗದು. ಈಜಿಪ್ಟಿನಲ್ಲಿ ಇಳಿಸಿದಾಗ ಕಾಲುಗಳು ಊದಿ, ಸ್ನಾಯು ಸೋತಿರುತ್ತಿದ್ದವು. ಕೂಡಲೇ ಹತ್ತಿ ಸವಾರಿ ಮಾಡಿದರೆ ಕುದುರೆ ಕೆಟ್ಟಿತೆಂದೇ ಲೆಕ್ಕ. ಹಾಗಾಗಿ ಮೊದಲ ವಾರಗಳಲ್ಲಿ ಸವಾರರೆಲ್ಲ ಕಾಲ್ನಡಿಗೆಯವರೇ. ಮರಳಿನ ಮೇಲೆ ಕುದುರೆಯನ್ನು ಹಿಡಿದು ನಡೆಸಿ, ದಿನದಿನಕ್ಕೆ ದೂರ ಹೆಚ್ಚಿಸಿ, ಆಮೇಲೆ ಜೀನು ಹಾಕಿದರು. ಮೇವೂ ಬದಲಾಯಿತು. ಊರಲ್ಲಿ ಓಟ್ಸ್ ತಿಂದು ಬೆಳೆದವಕ್ಕೆ ಇಲ್ಲಿ ಬಾರ್ಲಿ ಮತ್ತು ತಿಬ್ಬಿನ್ ಎಂಬ ಪುಡಿಹುಲ್ಲು. ಒಮ್ಮೆಗೇ ಬದಲಿಸಿದರೆ ಹೊಟ್ಟೆಶೂಲೆ. ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಒಗ್ಗಿಸಬೇಕು.

ಇಷ್ಟೆಲ್ಲ ಮಾಡಿ ಸಿದ್ಧಪಡಿಸಿದ ಕುದುರೆಗಳನ್ನು 1915ರ ಮೇ ತಿಂಗಳಲ್ಲಿ ಬಿಟ್ಟು ಹೋಗಬೇಕಾಯಿತು. ಗಲಿಪೊಲಿಯಲ್ಲಿ ಏಪ್ರಿಲ್ 25ರಂದು ಇಳಿದ ಪದಾತಿಗಳು ಸವೆದುಹೋಗಿದ್ದರು, ಬದಲಿ ಬೇಕಿತ್ತು. ಕಡಿದಾದ ಕಣಿವೆಗಳಲ್ಲಿ ಕುದುರೆಗೆ ಜಾಗವಿಲ್ಲ. ಮೇಯಿಸಲು ಒಂದಷ್ಟು ಜನರನ್ನು ಈಜಿಪ್ಟಿನಲ್ಲಿ ಉಳಿಸಿ ಲೈಟ್ ಹಾರ್ಸ್ ಹಡಗೇರಿತು. ಹಾಗೆ ಹಿಂದುಳಿದವರಲ್ಲಿ ಹ್ಯೂಗೊ ಥ್ರೊಸೆಲ್ ಕೂಡ ಒಬ್ಬ. ಆತ ಗಲಿಪೊಲಿ ಮುಟ್ಟಿದ್ದು ಆಗಸ್ಟ್ 4ರಂದು.

ಮೂರು ದಿನಕ್ಕೆ ನೆಕ್ ಎಂಬ ಜಾಗದ ಮೇಲಿನ ದಾಳಿ. ಮೂರು ಟೆನಿಸ್ ಅಂಗಳದಷ್ಟು ಜಾಗದ ಏಣು, ಎರಡೂ ಕಡೆ ಪ್ರಪಾತ, ಎದುರಿಗೆ ಸಾಲುಸಾಲು ತುರ್ಕಿ ಕಂದಕ, ಮೆಷಿನ್ ಗನ್ನು. ಆಗಸ್ಟ್ 7ರ ಬೆಳಗಿನ 4:30ಕ್ಕೆ 8ನೇ ಮತ್ತು 10ನೇ ರೆಜಿಮೆಂಟುಗಳು ತಲಾ 150 ಜನರ ನಾಲ್ಕು ಅಲೆಗಳಲ್ಲಿ ನುಗ್ಗಬೇಕು. ರೈಫಲ್ಲಿನಲ್ಲಿ ಗುಂಡಿಲ್ಲ, ಬಯೊನೆಟ್ ಮಾತ್ರ. ಫಿರಂಗಿಗಳು ಕೊನೆಯ ಕ್ಷಣದವರೆಗೆ ತುರ್ಕರ ತಲೆ ತಗ್ಗಿಸಿಡಬೇಕಿತ್ತು. ಅವು ಏಳು ನಿಮಿಷ ಮೊದಲೇ ನಿಂತವು. ಗಡಿಯಾರಗಳನ್ನು ಹೊಂದಿಸಿಕೊಂಡಿರಲಿಲ್ಲ ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ಕಾರಣ. ಆ ಏಳು ನಿಮಿಷದಲ್ಲಿ ತುರ್ಕರು ತಮ್ಮ ಜಾಗಕ್ಕೆ ಮರಳಿ, ಬಂದೂಕು ಹೂಡಿ ಕಾದರು. ಮೊದಲ ಅಲೆಯ ಮುಂದೆ ಹೋದ 8ನೇ ರೆಜಿಮೆಂಟಿನ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಅಲೆಗ್ಸಾಂಡರ್ ವೈಟ್ ಕೆಲವೇ ಹೆಜ್ಜೆಯಲ್ಲಿ ಬಿದ್ದ. ಎರಡನೆಯ ಅಲೆಯೂ ಹಾಗೇ ಹೋಯಿತು. ಮೂರನೆಯ ಅಲೆ 10ನೆಯವರದು. ಅವರ ಕರ್ನಲ್ ನೋಯೆಲ್ ಬ್ರೇಜಿಯರ್ ಇದನ್ನು ನಿಲ್ಲಿಸಿ ಎಂದು ಬ್ರಿಗೇಡ್ ಕಚೇರಿಗೆ ಹೋದ. ತುರ್ಕರ ಕಂದಕದಲ್ಲಿ ನಮ್ಮ ಗುರುತಿನ ಬಾವುಟ ಕಂಡಿದೆಯಂತೆ, ಮುನ್ನುಗ್ಗಿ ಎಂಬುದೇ ಬ್ರಿಗೇಡ್ ಮೇಜರ್ ಆಂಟಿಲ್‌ನ ಉತ್ತರ. ಎರಡು ರೆಜಿಮೆಂಟಿನಲ್ಲಿ ಸತ್ತವರು 234, ಗಾಯಗೊಂಡವರೂ ಸೇರಿ 372. ಥ್ರೊಸೆಲ್ ಉಳಿದುಕೊಂಡ; ಅದನ್ನು ಮೂರ್ಖರ ದಾಳಿ ಎಂದೇ ಕರೆದ.

ಪದಕ ಬಂದದ್ದು ಇದಾದ ಮೂರು ವಾರಕ್ಕೆ, ಹಿಲ್ 60 ಎಂಬ ಕುಳ್ಳು ದಿಣ್ಣೆಯ ಮೇಲೆ. ಆಗಸ್ಟ್ 29ರ ನಸುಕಿಗೂ ಮುಂಚೆ 10ನೆಯವರು ಉದ್ದನೆಯ ಕಂದಕವೊಂದರ ತುಣುಕನ್ನು ಹಿಡಿದರು. ಹಿಡಿಯುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ, ಏಕೆಂದರೆ ಅದೇ ಕಂದಕದ ಮುಂದಿನ ಭಾಗದಲ್ಲಿ ತುರ್ಕರಿದ್ದಾರೆ. ಇಂಥಲ್ಲಿ ಮಾಡಬೇಕಾದ ಮೊದಲ ಕೆಲಸ ಕಂದಕಕ್ಕೆ ಅಡ್ಡಲಾಗಿ ಮರಳುಚೀಲದ ಗೋಡೆ ಎತ್ತುವುದು. ಚೀಲ ತುಂಬುವವರಿಗೆ ರೈಫಲ್ ಹಿಡಿಯಲು ಕೈ ಬಿಡುವಿಲ್ಲ. ಥ್ರೊಸೆಲ್ ತಿರುವಿನಲ್ಲಿ ಕಾವಲು ನಿಂತು, ಸುತ್ತಿ ಬಂದ ಐವರನ್ನು ಹೊಡೆದು ಕೆಡವಿದ. ಗೋಡೆ ಎದ್ದ ಮೇಲೆ ಬಾಂಬಿನ ಕಾಳಗ. ಆಗಿನ ಕೈಬಾಂಬಿಗೆ ಉರಿಯುವ ಬತ್ತಿ ಇರುತ್ತಿತ್ತು. ಬತ್ತಿ ಉದ್ದವಾಗಿದ್ದರೆ ಬಿದ್ದ ಬಾಂಬನ್ನು ಎತ್ತಿ ತಿರುಗಿ ಎಸೆಯಬಹುದು. ಬತ್ತಿ ಗಿಡ್ಡವಾಗಿದ್ದರೆ ಅದು ಕೈಯಲ್ಲೇ ಸಿಡಿಯುತ್ತದೆ. ಬಿದ್ದ ಬಾಂಬಿನದು ಎಷ್ಟು ಉಳಿದಿದೆ ಎಂದು ಕತ್ತಲಲ್ಲಿ ಅಳೆಯುವ ಉಪಾಯವೇನಿಲ್ಲ. ಜೊತೆಗಿದ್ದ ಕಾರ್ಪೊರಲ್ ಸಿಡ್ ಫೆರಿಯರ್ ಹಾಗೆ ಎಸೆಯಲು ಹೋಗಿ ತೋಳು ಕಳೆದುಕೊಂಡ, ಮುಂದೆ ಅದರಿಂದಲೇ ತೀರಿಕೊಂಡ. ಆ ರಾತ್ರಿ ಎರಡೂ ಕಡೆಯಿಂದ 3,000ಕ್ಕೂ ಹೆಚ್ಚು ಬಾಂಬು ಬಿದ್ದವೆಂದು ಅಂದಾಜು. ಕುತ್ತಿಗೆ, ಭುಜಗಳಿಗೆ ಏಟು ಬಿದ್ದರೂ ಥ್ರೊಸೆಲ್ ಜಾಗ ಬಿಡಲಿಲ್ಲ. ಅಪಾಯ ಕಳೆದ ಮೇಲೆ ಹೋಗಿ ಪಟ್ಟಿ ಕಟ್ಟಿಸಿಕೊಂಡು, ತಿರುಗಿ ಸಾಲಿಗೇ ಬಂದ. ವೈದ್ಯಾಧಿಕಾರಿಯೇ ಆಜ್ಞೆ ಮಾಡಿ ಹೊರಗೆ ಕಳುಹಿಸಬೇಕಾಯಿತು.

ಅಲ್ಲಿಂದ ಇಂಗ್ಲೆಂಡಿನ ಆಸ್ಪತ್ರೆ. ಅಲ್ಲಿ ಭೇಟಿಯಾದವಳು ಆಸ್ಟ್ರೇಲಿಯಾದ ಲೇಖಕಿ ಕ್ಯಾಥರೀನ್ ಸುಸಾನಾ ಪ್ರಿಚರ್ಡ್. ಆಕೆಯ ಮಾತು ಆಮೇಲೆ ಬರುತ್ತದೆ.

ಆತ ದೂರವಿದ್ದ 1916ರಲ್ಲಿ ಲೈಟ್ ಹಾರ್ಸ್ ಮತ್ತೆ ಕುದುರೆ ಹತ್ತಿತು. ಮಾರ್ಚಿನಲ್ಲಿ ಹ್ಯಾರಿ ಶೊವೆಲ್ ನೇತೃತ್ವದಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಸವಾರರನ್ನು ಕೂಡಿಸಿ ಆನ್‌ಜಾಕ್ ಮೌಂಟೆಡ್ ಡಿವಿಜನ್ ಕಟ್ಟಿದರು. ಎದುರಿಗೆ ಈಜಿಪ್ಟ್ ಮತ್ತು ಪ್ಯಾಲೆಸ್ಟೀನ್ ನಡುವಿನ ಸೈನಾಯ್ ಮರುಭೂಮಿ. ಈ ವರ್ಷದ ಕಥೆಯನ್ನು ಪುಸ್ತಕಗಳು ಯುದ್ಧಗಳ ಹೆಸರಿನಿಂದ ಹೇಳುತ್ತವೆ: ರೊಮಾನಿ, ಮಗ್ಧಬಾ, ರಫಾ. ಒಳಗಿದ್ದವರಿಗೆ ಅದು ಬಾವಿಗಳ ಕಥೆ.

ಬಿಸಿಲಿನಲ್ಲಿ ದುಡಿಯುವ ಕುದುರೆಗೆ ದಿನಕ್ಕೆ 25ರಿಂದ 35 ಲೀಟರ್ ನೀರು ಬೇಕು. ರೆಜಿಮೆಂಟಿನ 500 ಕುದುರೆಗಳಿಗೆ ಕಡಿಮೆಯೆಂದರೂ 12,500 ಲೀಟರ್, ಅದೂ ಪ್ರತಿದಿನ. ಖರ್ಜೂರದ ತೋಪುಗಳಿರುವ ತಗ್ಗುಗಳಲ್ಲಿ, ಅಲ್ಲಿನವರು ಹೊದ್ ಎನ್ನುವ ಜಾಗಗಳಲ್ಲಿ, ನೆಲದಡಿ ಒರತೆ ಇರುತ್ತದೆ. ಆದರೆ ಮರಳಿನಲ್ಲಿ ಬಾವಿ ತೋಡಿದರೆ ಪಕ್ಕಗಳು ಕುಸಿಯುತ್ತವೆ. ಹಲಗೆ ಕೊಟ್ಟು ನಿಲ್ಲಿಸಲು ಗಂಟೆಗಟ್ಟಲೆ ಹಿಡಿಯುತ್ತದೆ, ಮರವೂ ಬೇಕು. ಇದಕ್ಕೆ ಎಂಜಿನಿಯರ್ ತುಕಡಿಗಳು ಕಂಡುಕೊಂಡ ಪರಿಹಾರ ಸ್ಪಿಯರ್ ಪಾಯಿಂಟ್, ಅಂದರೆ ಮೊನೆ ಕೊಳವೆ. ಎರಡೂವರೆ ಇಂಚಿನ ಕಬ್ಬಿಣದ ಕೊಳವೆಯ ತುದಿಯನ್ನು ಚೂಪು ಮಾಡಿ, ಕೆಳಭಾಗಕ್ಕೆ ತೂತು ಕೊರೆದು, ಆ ತೂತುಗಳ ಮೇಲೆ ಸಣ್ಣ ಕಣ್ಣಿನ ಹಿತ್ತಾಳೆ ತಗಡನ್ನು ಸುತ್ತುವುದು. ಸುತ್ತದಿದ್ದರೆ ನೀರಿನ ಜೊತೆ ಮರಳು ಏರಿ ಪಂಪು ಕಚ್ಚಿಕೊಳ್ಳುತ್ತದೆ. ಅದನ್ನು ಸುತ್ತಿಗೆಯಿಂದಲೋ, ರಾಟೆಗೆ ಕಟ್ಟಿದ ಭಾರವನ್ನು ಎತ್ತಿಬಿಟ್ಟೋ ನೆಲಕ್ಕೆ ಹೊಡೆಯುವುದು. ನೀರು ಆಳದಲ್ಲಿದ್ದರೆ ಮೇಲೊಂದು ತುಂಡು ಜೋಡಿಸಿ ಇನ್ನಷ್ಟು ಇಳಿಸುವುದು. ಆಮೇಲೆ ಕೈಪಂಪು ಸಿಕ್ಕಿಸಿ, ಕ್ಯಾನ್ವಾಸ್ ತೊಟ್ಟಿ ಬಿಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಕುದುರೆಗೆ ನೀರು. ಒಂದೊಂದು ಸ್ಕ್ವಾಡ್ರನ್ನಿಗೂ ಇದನ್ನು ಕೊಟ್ಟರು. ಸೈನಾಯ್ ಗೆದ್ದದ್ದು ಯಾವ ಆಯುಧ ಎಂದು ಕೇಳಿದರೆ ನಾನು ಈ ಕೊಳವೆಯನ್ನೇ ತೋರಿಸುತ್ತೇನೆ.

ನೀರು ಸಿಕ್ಕರೂ ಅದು ಉಪ್ಪುಪ್ಪು. ಮನುಷ್ಯ ಕುಡಿಯಲಾರ, ಕುದುರೆ ಮೊದಮೊದಲು ಮೂಸಿ ಮುಖ ತಿರುಗಿಸುತ್ತದೆ. ಕುಡಿಸುವುದಕ್ಕೂ ಕ್ರಮವಿತ್ತು: ಹೊಟ್ಟೆಪಟ್ಟಿ ಸಡಿಲಿಸಿ, ಕಡಿವಾಣ ಕಳಚಿ, ಒಂದೊಂದು ಟ್ರೂಪಾಗಿ ತೊಟ್ಟಿಗೆ ಬಿಡಬೇಕು. ಮೊದಲು ನೀರು, ಆಮೇಲೆ ಕಾಳು, ತಿರುವುಮುರುವಾದರೆ ಹೊಟ್ಟೆಶೂಲೆ. ಎರಡು ದಿನ ನೀರು ಕಾಣದ ಕುದುರೆಗಳು ವಾಸನೆ ಹಿಡಿದು ಒಟ್ಟಿಗೇ ನುಗ್ಗಿದರೆ ತೊಟ್ಟಿಯೂ ಇಲ್ಲ, ನೀರೂ ಇಲ್ಲ.

ಮರಳೇ ಒಂದು ರೋಗ. ನೆಲಕ್ಕೆ ಚೆಲ್ಲಿದ ಕಾಳನ್ನು ಆಯ್ದು ತಿನ್ನುವಾಗ, ಉಪ್ಪಿನಾಸೆಗೆ ನೆಲ ನೆಕ್ಕುವಾಗ ಮರಳು ಒಳಹೋಗಿ ಕರುಳಿನಲ್ಲಿ ಶೇಖರವಾಗುತ್ತದೆ. ಕೆಲವು ದಿನದಲ್ಲಿ ಕುದುರೆ ಹೊಟ್ಟೆ ನೋಡಿಕೊಳ್ಳುತ್ತ, ಹೊರಳಾಡುತ್ತ ಸಾಯುತ್ತದೆ. ಔಷಧಿಗಿಂತ ಎಚ್ಚರವೇ ಮೇಲು: ಕಾಳನ್ನು ಚೀಲದಲ್ಲೇ ತಿನ್ನಿಸುವುದು, ಹುಲ್ಲನ್ನು ಕಂಬಳಿ ಹಾಸಿ ಹಾಕುವುದು, ತಿಂದಾದ ಮೇಲೆ ಬಾಯಿಗೆ ಕುಕ್ಕೆ ಕಟ್ಟುವುದು. ಬೆನ್ನಿನ ಹುಣ್ಣು ಇನ್ನೊಂದು ಪೀಡೆ. ಮೇವು ಕಡಿಮೆಯಾಗಿ ಕುದುರೆ ಬಡಕಲಾದಂತೆ ಜೀನು ಕೆಳಗಿಳಿದು ಬೆನ್ನೆಲುಬಿಗೆ ತಾಗುತ್ತದೆ. ಕೆಳಗಿನ ಕಂಬಳಿಯಲ್ಲಿ ಒಂದು ಮಡಿಕೆ ಉಳಿದಿದ್ದರೂ, ಒಂದು ಹಿಡಿ ಮರಳು ಸೇರಿದ್ದರೂ ಸಂಜೆಯೊಳಗೆ ಚರ್ಮ ಕಿತ್ತಿರುತ್ತದೆ. ಹಾಗೆಂದೇ ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲುವುದು, ಆಗಾಗ ಇಳಿದು ಕುದುರೆಯ ಪಕ್ಕದಲ್ಲಿ ನಡೆಯುವುದು, ತೂಕಡಿಸುತ್ತ ಒಂದು ಪಕ್ಕಕ್ಕೆ ವಾಲಿದವನನ್ನು ಗದರಿಸುವುದು. ರಾತ್ರಿ ಕಟ್ಟಲು ಗೂಟ ಹೊಡೆದರೆ ಮರಳಿನಲ್ಲಿ ನಿಲ್ಲದು; ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಚೀಲವನ್ನೇ ಹೂಳಬೇಕು.

ರೊಮಾನಿಯಲ್ಲಿ 1916ರ ಆಗಸ್ಟ್ 4ರಂದು ಈ ಪಡೆಯ ಕ್ರಮ ಮೊದಲ ಸಲ ಪೂರ್ತಿ ಕೈಗೂಡಿತು. ನಡುರಾತ್ರಿಯಿಂದ ಒಂದು ಮರಳದಿಣ್ಣೆ ಹಿಡಿದು ಹೊಡೆಯುವುದು, ಒತ್ತಡ ಹೆಚ್ಚಿದಾಗ ಹಿಂದಕ್ಕೆ ಓಡಿ ಕುದುರೆ ಹತ್ತಿ ಮುಂದಿನ ದಿಣ್ಣೆಗೆ ಹೋಗುವುದು. ನಡೆದು ಬಂದ ತುರ್ಕಿ ಪದಾತಿಗಳು ಮಧ್ಯಾಹ್ನದ ಹೊತ್ತಿಗೆ ನೀರಿಲ್ಲದೆ ಬಸವಳಿದಿದ್ದರು. ಮಗ್ಧಬಾದಲ್ಲಿ, ಡಿಸೆಂಬರ್ 23ರಂದು, ಅದೇ ನೀರು ಶೊವೆಲ್‌ನ ಕೊರಳಿಗೆ ಬಂತು. ಸಮೀಪದ ನೀರೆಂದರೆ ರಾತ್ರಿಯಿಡೀ ನಡೆದು ಬಂದ ಎಲ್ ಅರಿಷ್. ಸಂಜೆಯೊಳಗೆ ಊರು ಬೀಳದಿದ್ದರೆ ಕುದುರೆಗಳು ಬೀಳುತ್ತವೆ. ಆತ ಹಿಂದೆಗೆಯಲು ಆಜ್ಞೆ ಬರೆದೇಬಿಟ್ಟ. ಅದು 1ನೇ ಬ್ರಿಗೇಡಿನ ಕಾಕ್ಸ್‌ನ ಕೈಸೇರಿದಾಗ ಅವನ ಜನ ಕೋಟೆಯ ಮೇಲೆ ಏರುವುದರಲ್ಲಿದ್ದರು. ಅರ್ಧ ಗಂಟೆ ಬಿಟ್ಟು ಇದನ್ನು ತಂದು ತೋರಿಸು ಎಂಬರ್ಥದ ಮಾತು ಹೇಳಿ ದೂತನನ್ನು ಸಾಗಹಾಕಿದ. ಊರು ಬಿತ್ತು.

ಥ್ರೊಸೆಲ್ ಕ್ಯಾಪ್ಟನ್ ಆಗಿ ಮರಳಿದ ಮೇಲೆ ಎದುರಾದದ್ದು 1917ರ ಏಪ್ರಿಲಿನ ಎರಡನೆಯ ಗಾಜಾ ಯುದ್ಧ. ಮತ್ತೆ ಕೆಳಗಿಳಿದು, ಬಯಲಿನಲ್ಲಿ, ಗಟ್ಟಿ ಕಂದಕಗಳ ಎದುರು. ಬ್ರಿಗೇಡನ್ನು ಬೆಟಾಲಿಯನ್ ಮಾಡುವ ಅದೇ ಲೆಕ್ಕ. ಹ್ಯೂಗೊ ಗಾಯಗೊಂಡ, ರಿಕ್ ತಿರುಗಿ ಬರಲಿಲ್ಲ. ರಾತ್ರಿ ಹ್ಯೂಗೊ ಗುಂಡು ಹಾರುತ್ತಿರುವ ಬಯಲಿನಲ್ಲಿ ತೆವಳುತ್ತ, ಹುಡುಗರಾಗಿದ್ದಾಗ ಇಬ್ಬರೂ ಒಬ್ಬರನ್ನೊಬ್ಬರು ಕರೆಯಲು ಹಾಕುತ್ತಿದ್ದ ಸಿಳ್ಳೆಯನ್ನು ಹಾಕುತ್ತ ಅಣ್ಣನನ್ನು ಹುಡುಕಿದ. ಸಿಗಲಿಲ್ಲ.

ಬೀರ್‌ಶೆಬಾ ಅಕ್ಟೋಬರ್ 31ರಂದು. ಅದರ ಬಗ್ಗೆ ಬರೆದದ್ದು ಬೇಕಾದಷ್ಟಿದೆ, ಎರಡು ಮಾತು ಸಾಕು. ಮೊದಲನೆಯದು ತಯಾರಿ. ತುರ್ಕರು ಕೆಡಿಸಿಹೋಗಿದ್ದ ಖಲಾಸಾ ಮತ್ತು ಅಸ್ಲುಜ್‌ನ ಬಾವಿಗಳನ್ನು ಮುಂಚಿನ ದಿನಗಳಲ್ಲಿ ಎಂಜಿನಿಯರುಗಳು ತೋಡಿ ಸರಿಮಾಡದೆ ಇದ್ದಿದ್ದರೆ ಅಷ್ಟು ಕುದುರೆಗಳು ಊರಿನ ಪೂರ್ವಕ್ಕೆ ಸುತ್ತಿಬರುವುದೇ ಸಾಧ್ಯವಿರಲಿಲ್ಲ. ಎರಡನೆಯದು, ದಾಳಿ ಏಕೆ ಫಲಿಸಿತು ಎಂಬುದು. ಸಂಜೆ 4:30ಕ್ಕೆ 4ನೇ ಮತ್ತು 12ನೇ ರೆಜಿಮೆಂಟಿನ ಸುಮಾರು 800 ಸವಾರರು ಬಯೊನೆಟ್ಟನ್ನು ಕತ್ತಿಯ ಹಾಗೆ ಕೈಯಲ್ಲಿ ಹಿಡಿದು ಹೊರಟರು. ಈ ಜನ ಕಡೆಗೆ ಇಳಿದೇ ಇಳಿಯುತ್ತಾರೆ ಎಂದು ತುರ್ಕರು ಕಾದರು. ಅವರು ಇಳಿಯಲಿಲ್ಲ. ರೈಫಲ್ಲಿನ ದೂರದ ಗುರಿಪಟ್ಟಿಯನ್ನು ತಗ್ಗಿಸಲು ಮರೆತದ್ದರಿಂದ ಹತ್ತಿರ ಬಂದವರ ತಲೆಯ ಮೇಲೆ ಗುಂಡು ಹಾರಿಹೋದವು. ಆ ಕಂದಕಗಳ ಮುಂದೆ ಮುಳ್ಳುತಂತಿಯೂ ಇರಲಿಲ್ಲ. ಸತ್ತವರು 31, ಗಾಯಗೊಂಡವರು 36. ಅಂದರೆ ಮೂರು ವರ್ಷ ಇಳಿದು ಕಾದಿದ ಹೆಸರೇ ಆ ದಿನ ಕೆಲಸಕ್ಕೆ ಬಂತು. ಊರಿನ 17 ಬಾವಿಗಳಲ್ಲಿ ಹೆಚ್ಚಿನವು ಉಳಿದಿದ್ದವು ನಿಜ, ಆದರೂ ಅಷ್ಟೂ ಕುದುರೆಗೆ ನೀರು ಸಾಲದೆ ಮುಂದಿನ ದಿನಗಳಲ್ಲಿ ಬೆನ್ನಟ್ಟುವಿಕೆ ನಿಧಾನವಾಯಿತು. ಈ ಭಾಗ ಚಿತ್ರಗಳಲ್ಲಿ ಬರುವುದಿಲ್ಲ.

ಡಿಸೆಂಬರಿನಲ್ಲಿ ಜೆರುಸಲೇಮ್ ಬಿತ್ತು. ಅಲ್ಲಿ 10ನೇ ರೆಜಿಮೆಂಟಿನ ಗೌರವ ಕಾವಲಿನ ಮುಂದೆ ನಿಂತವನು ಥ್ರೊಸೆಲ್.

1918ರ ಬೇಸಿಗೆಯನ್ನು ಪಡೆ ಜೋರ್ಡಾನ್ ಕಣಿವೆಯಲ್ಲಿ ಕಳೆಯಿತು. ಸಮುದ್ರಮಟ್ಟಕ್ಕಿಂತ ಕೆಳಗೆ, ಸುಣ್ಣದ ಧೂಳು, ಮಲೇರಿಯಾ. ನಮ್ಮ ಕಡೆಯ ಓದುಗರಿಗೆ ಇಲ್ಲೊಂದು ಪರಿಚಯದ ಹೆಸರಿದೆ. ಜುಲೈ 14ರಂದು ಅಬು ತುಲೂಲ್‌ನಲ್ಲಿ ಲೈಟ್ ಹಾರ್ಸ್ ಜರ್ಮನ್ ತುಕಡಿಗಳನ್ನು ತಡೆದ ದಿನವೇ, ಅದೇ ಕಣಿವೆಯ ಎಲ್ ಹಿನು ಕಡವಿನ ಬಳಿ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ನದಿಯಾಚೆಯ ತುರ್ಕಿ ಸವಾರರ ಮೇಲೆ ಬಿದ್ದರು. ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರು ಊರಿನತ್ತ ನುಗ್ಗಿದಾಗ ಮೈಸೂರಿನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟದ ಕಡಿದಾದ ಹಾದಿ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿಯಿತು. ಇವರೆಲ್ಲ ಶೊವೆಲ್‌ನ ಡೆಸರ್ಟ್ ಮೌಂಟೆಡ್ ಕೋರ್‌ನವರೇ, ಆದರೆ ಕಾದುವ ಬಗೆ ಬೇರೆ. ಮೈಸೂರಿನವರು ಈಟಿ ಹಿಡಿದ ನಿಜವಾದ ಅಶ್ವದಳ, ಕುದುರೆಯ ಮೇಲಿಂದಲೇ ಕಾದುವವರು. ಬೀರ್‌ಶೆಬಾದ ನಂತರ ಆಸ್ಟ್ರೇಲಿಯನ್ನರಿಗೂ ಅದರ ರುಚಿ ಹತ್ತಿತ್ತು. ಆಗಸ್ಟಿನಲ್ಲಿ ಥ್ರೊಸೆಲ್‌ನ ರೆಜಿಮೆಂಟೂ ಸೇರಿ ಒಂದು ಡಿವಿಜನ್ನಿಗೆ ಖಡ್ಗ ಕೊಟ್ಟು ಕಲಿಸಿದರು. ಅಕ್ಟೋಬರ್ 1ರ ಬೆಳಿಗ್ಗೆ ದಮಾಸ್ಕಸ್ ಹೊಕ್ಕವರಲ್ಲಿ 10ನೆಯವರು ಮೊದಲಿಗರು. ತಿಂಗಳ ಕೊನೆಗೆ ಕದನವಿರಾಮ.

ವೀರಗಾಥೆಯಲ್ಲಿ ಸೇರದ ಸಂಗತಿಯೂ ಇದೆ. 1918ರ ಡಿಸೆಂಬರಿನಲ್ಲಿ, ಯುದ್ಧ ಮುಗಿದ ಮೇಲೆ, ಒಬ್ಬ ನ್ಯೂಜಿಲೆಂಡ್ ಸೈನಿಕನ ಕೊಲೆಗೆ ಸೇಡೆಂದು ನ್ಯೂಜಿಲೆಂಡಿನವರೂ ಆಸ್ಟ್ರೇಲಿಯನ್ನರೂ ಸೇರಿ ಸುರಾಫೆಂಡ್ ಎಂಬ ಪ್ಯಾಲೆಸ್ಟೀನ್ ಹಳ್ಳಿಗೆ ನುಗ್ಗಿ ಹತ್ತಾರು ಗಂಡಸರನ್ನು ಕೊಂದು ಮನೆಗಳನ್ನು ಸುಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಕುದುರೆಗಳ ವಿಷಯಕ್ಕೆ ಬಂದರೆ, ಯುದ್ಧಕ್ಕೆಂದು ಆಸ್ಟ್ರೇಲಿಯಾದಿಂದ ಹೊರಟವು 1,30,000ಕ್ಕೂ ಮಿಕ್ಕು. ತಿರುಗಿ ಮನೆ ಕಂಡದ್ದು ಒಂದೇ: ಗಲಿಪೊಲಿಯಲ್ಲಿ ಗಾಯಗೊಂಡು ತೀರಿದ ಜನರಲ್ ಬ್ರಿಜಸ್‌ನ ಸ್ಯಾಂಡಿ. ಸಾಗಣೆಯ ಖರ್ಚು ಮತ್ತು ಜಾನುವಾರು ರೋಗದ ಭಯ ಅಡ್ಡ ಬಂದವು. ವಯಸ್ಸಾದವನ್ನೂ ಕುಂಟುಬಿದ್ದವನ್ನೂ ಲಾಳ ತೆಗೆದು, ಬಾಲ ಕೇಸರಗಳನ್ನು ಕತ್ತರಿಸಿಕೊಂಡು, ಗುಂಡಿಕ್ಕಿದರು; ಕೂದಲಿಗೆ ಬೆಲೆಯಿತ್ತು. ಗಟ್ಟಿಯಿದ್ದವು ಈಜಿಪ್ಟಿನಲ್ಲೂ ಭಾರತದಲ್ಲೂ ಇದ್ದ ಸೈನ್ಯಗಳಿಗೆ ಹೋದವು. ಬೀದಿಗಾಡಿಯ ಪಾಲಾಗುವುದು ಬೇಡವೆಂದು ಸವಾರರೆಲ್ಲ ತಮ್ಮ ಕುದುರೆಯನ್ನು ತಾವೇ ಕೊಂದರು ಎಂಬ ಕಥೆ ಬಲು ಜನಪ್ರಿಯ. ಹಾಗೆ ಮಾಡಿದವರು ಕೆಲವರಿದ್ದರು, ಅಷ್ಟೇ. ಸೈನ್ಯದ ಆಸ್ತಿಯನ್ನು ಕೊಲ್ಲುವುದು ಅಪರಾಧವೂ ಆಗಿತ್ತು.

ಥ್ರೊಸೆಲ್ 1919ರಲ್ಲಿ ಕ್ಯಾಥರೀನ್ ಪ್ರಿಚರ್ಡ್‌ಳನ್ನು ಮದುವೆಯಾಗಿ ಪರ್ತ್ ಬಳಿಯ ಗ್ರೀನ್‌ಮೌಂಟ್‌ನಲ್ಲಿ ನೆಲೆಸಿದ. ಅದೇ ವರ್ಷ ಹುಟ್ಟೂರಿನ ಶಾಂತಿ ದಿನಾಚರಣೆಯಲ್ಲಿ, ಪದಕವೀರನ ಮಾತು ಕೇಳಲು ನೆರೆದ ಜನರ ಮುಂದೆ, ಯುದ್ಧ ನನ್ನನ್ನು ಸಮಾಜವಾದಿಯನ್ನಾಗಿ ಮಾಡಿತು ಎಂದ. ಮಾಜಿ ಪ್ರೀಮಿಯರನ ಮಗ, ಊರಿನ ಹೆಮ್ಮೆ, ಹೀಗೆ ಹೇಳಿದ್ದನ್ನು ನಾರ್ಥಮ್ ಅರಗಿಸಿಕೊಳ್ಳಲಿಲ್ಲ. ಹೆಂಡತಿ ಆಸ್ಟ್ರೇಲಿಯಾದ ಕಮ್ಯುನಿಸ್ಟ್ ಪಕ್ಷದ ಸ್ಥಾಪಕರಲ್ಲಿ ಒಬ್ಬಳಾದಳು. ಯುದ್ಧದಿಂದ ಮರಳಿದವರಿಗೆ ಜಮೀನು ಕೊಡುವ ಮಂಡಳಿಯಲ್ಲಿ ಕೆಲಸ ಮಾಡಿದ ಈತನ ಸ್ವಂತ ಜಮೀನು ವ್ಯವಹಾರಗಳು ಕೈಹತ್ತಲಿಲ್ಲ, 1930ರ ದಶಕದ ಆರ್ಥಿಕ ಕುಸಿತದಲ್ಲಿ ಸಾಲ ಬೆಳೆಯಿತು. ಯುದ್ಧವಿಧವೆಯ ಪಿಂಚಣಿಯಾದರೂ ಹೆಂಡತಿ ಮಗನಿಗೆ ಆಸರೆಯಾದೀತು ಎಂದುಕೊಂಡು, ಆಕೆ ಪರದೇಶದಲ್ಲಿದ್ದಾಗ, 1933ರ ನವೆಂಬರ್ 19ರಂದು ತನ್ನ ಜೀವ ತೆಗೆದುಕೊಂಡ. ಸೈನಿಕ ಗೌರವದೊಂದಿಗೆ ಕರಕಟ್ಟದಲ್ಲಿ ಹೂತರು.

ಪದಕ ಮಗನ ಬಳಿ ಉಳಿಯಿತು. ಅವನ ಹೆಸರೂ ರಿಕ್, ದೊಡ್ಡಪ್ಪನದೇ. ರಾಜತಾಂತ್ರಿಕನೂ ಲೇಖಕನೂ ಆಗಿದ್ದವನು. 1980ರ ದಶಕದಲ್ಲಿ ಅವನು ಅದನ್ನು ಅಣ್ವಸ್ತ್ರ ವಿರೋಧಿ ಸಂಘಟನೆಯೊಂದಕ್ಕೆ ಕೊಟ್ಟುಬಿಟ್ಟ, ಮಾರಿಕೊಳ್ಳಲಿ ಎಂದು. ಕೊಂಡವರು ಮಾಜಿ ಸೈನಿಕರ ಸಂಘದವರು. ಅವರು ಅದನ್ನು ಕ್ಯಾನ್‌ಬೆರಾದ ಯುದ್ಧ ಸ್ಮಾರಕಕ್ಕೆ ಒಪ್ಪಿಸಿದರು. ಹಣ ಅಣ್ವಸ್ತ್ರ ವಿರೋಧಿಗಳ ಕೈಸೇರಿತು.